ನರ್ಸಬಾಯಿ ಆಗತೀನ್ರಿ ಸರ

ಬೇಸಿಗೆಯ ಸಂಜೆ ನಮ್ಮ ನಿಡಗುಂದಿಯಲ್ಲಿ ಕೃಷ್ಣೆಯ ಹಿನ್ನೀರಿನ ಕಡೆಯಿಂದ ಗಾಳಿ ಬಿಟ್ಟಿತೆಂದರೆ ಕಟ್ಟೆಯ ಮೇಲೆ ಕುಳಿತವರು ಬೇಗ ಏಳುವುದಿಲ್ಲ. ಮೂರು ವರ್ಷದ ಕೆಳಗೆ ಅಂಥದೊಂದು ಸಂಜೆ ನಮ್ಮ ಓಣಿಯ ಹೊಲಿಗೆಯ ಹೆಣ್ಣುಮಗಳು ಕೈಯಲ್ಲಿ ಒಂದು ಅರ್ಜಿ ಹಿಡಿದುಕೊಂಡು ಬಂದಳು. ಎರಡು ಮಕ್ಕಳ ತಾಯಿ, ವಯಸ್ಸು ಮೂವತ್ತನಾಲ್ಕು. ಊರಿನ ಅರ್ಧ ಹೆಣ್ಣುಮಕ್ಕಳ ಜಂಪರು ಅವಳ ಮಶೀನಿನಿಂದಲೇ ಬಂದದ್ದು. ಸುತ್ತು ಬಳಸಿ ಮಾತಾಡುವ ಸ್ವಭಾವದವಳಲ್ಲ. ಅರ್ಜಿಯನ್ನು ನನ್ನ ಮುಂದಿಟ್ಟು, "ನರ್ಸಬಾಯಿ ಆಗತೀನ್ರಿ ಸರ. ಇದನ್ನ ತುಂಬಿ ಕೊಡ್ರಿ" ಅಂದಳು.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಅರ್ಜಿ ತುಂಬುವುದು, ಅರ್ಜಿಗಿಂತ ಮೊದಲು ಮನಸ್ಸಿನ ಮಾತು ಕೇಳುವುದು, ಇವೆರಡೂ ನಿವೃತ್ತ ಮಾಸ್ತರನ ಪಾಲಿಗೆ ಉಳಿದ ಕೆಲಸ. "ಯಾಕವ್ವ, ಹೊಲಿಗಿ ಚಲೋ ನಡದೈತೆಲ್ಲ?" ಎಂದು ಕೇಳಿದೆ. "ನಡದೈತ್ರಿ. ಆದ್ರ ಅತ್ತಿ ಹೋದ ಮ್ಯಾಲ ಕೈ ಸುಮ್ಮ ಕುಂದರವಲ್ಲವು" ಅಂದಳು.

ಆ ಅತ್ತೆಯ ಸಂಗತಿ ಓಣಿಗೆಲ್ಲ ಗೊತ್ತು. ಲಕ್ವಾ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಹದಿನಾಲ್ಕು ತಿಂಗಳು ಈಕೆ ಅವಳನ್ನು ನೋಡಿಕೊಂಡಳು. ಎರಡು ತಾಸಿಗೊಮ್ಮೆ ಮಗ್ಗಲು ಹೊಳ್ಳಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ಆಸ್ಪತ್ರೆಯಿಂದ ಕಳಿಸುವಾಗ ಒಬ್ಬ ಸಿಸ್ಟರ್ ಹೇಳಿದ್ದರಂತೆ. ಆ ಮಾತನ್ನು ಈಕೆ ನೇಮದ ಹಾಗೆ ಹಿಡಿದಳು. ರಾತ್ರಿ ಮೊಬೈಲಿನಲ್ಲಿ ಅಲಾರಂ ಇಟ್ಟು ಎದ್ದಳು. ಹಳೆಯ ಧೋತರ ಹರಿದು, ಮಡಚಿ, ಮೆತ್ತಗೆ ಹೊಲಿದು ಹಿಮ್ಮಡಿಗೆ ಒಂದು, ಮೊಣಕಾಲಿನ ಸಂದಿಗೆ ಒಂದು ದಿಂಬು ಮಾಡಿದಳು. ಹದಿನಾಲ್ಕು ತಿಂಗಳಲ್ಲಿ ಆ ಮುದುಕಿಯ ಮೈಮೇಲೆ ಒಂದು ಹುಣ್ಣು ಏಳಲಿಲ್ಲ.

ಇದು ಸಣ್ಣ ಮಾತಲ್ಲ. ಒತ್ತುಹುಣ್ಣು ಏಳುವುದು ರಕ್ತ ಓಡದೆ. ಮಲಗಿದವನ ಭಾರವೆಲ್ಲ ಎಲುಬು ಚಾಚಿದ ಕಡೆ ಬೀಳುತ್ತದೆ. ಟೊಂಕದ ಕೆಳಗೆ, ಹಿಮ್ಮಡಿಗೆ, ಭುಜಕ್ಕೆ. ಅಲ್ಲಿಯ ಸಣ್ಣ ರಕ್ತನಾಳಗಳು ಅಮುಕಿ ಹೋಗಿ ಚರ್ಮ ಒಳಗಿನಿಂದ ಸಾಯುತ್ತ ಬರುತ್ತದೆ. ಹೊರಗೆ ಕೆಂಪು ಕಾಣುವ ಹೊತ್ತಿಗೆ ಒಳಗೆ ಆಗಲೇ ಕೆಟ್ಟಿರಬಹುದು. ಅದನ್ನು ತಡೆಯುವ ಗುಳಿಗೆ ಇಲ್ಲ. ಹೊಳ್ಳಿಸುವ ಕೈ ಬೇಕು, ಅಷ್ಟೇ.

ಅವಳ ಮಾತು ಕೇಳುತ್ತಿದ್ದಾಗ ನನಗೆ ಎಡಿತ್ ಕ್ಯಾವೆಲ್ ನೆನಪಾದಳು. ಇಂಗ್ಲೆಂಡಿನ ಪಾದ್ರಿಯ ಮಗಳು. ಬ್ರಸೆಲ್ಸ್ ಪಟ್ಟಣದ ಒಂದು ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತ ಐದು ವರ್ಷ ಕಳೆದವಳು. ತಂದೆಗೆ ಜಡ್ಡಾಯಿತೆಂದು ಊರಿಗೆ ಮರಳಿ ಅವನ ಆರೈಕೆ ಮಾಡಿದಳು; ತನ್ನ ಕೆಲಸ ಇದೇ ಎಂದು ಅಲ್ಲಿ ಗೊತ್ತಾಯಿತು. 1896ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಲಂಡನ್ನಿನ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯಲು ಸೇರಿದಳು. ಆಮೇಲೆ ಅದೇ ಬ್ರಸೆಲ್ಸಿಗೆ ಹೋಗಿ ನರ್ಸಿಂಗ್ ಶಾಲೆ ನಡೆಸಿದಳು. ಮೊದಲ ಮಹಾಯುದ್ಧದಲ್ಲಿ ಸುಮಾರು ಇನ್ನೂರು ಸೈನಿಕರನ್ನು ಶತ್ರುವಿನ ಕೈಯಿಂದ ದಾಟಿಸಿದ್ದಕ್ಕಾಗಿ 1915ರ ಅಕ್ಟೋಬರ್ 12ರ ಬೆಳಿಗ್ಗೆ ಜರ್ಮನ್ನರು ಅವಳನ್ನು ಗುಂಡಿಟ್ಟು ಕೊಂದರು. ಲೋಕ ನೆನೆಯುವುದು ಆ ಸಾವನ್ನು. ನನಗೆ ಹೆಚ್ಚಿನದಾಗಿ ಕಾಣುವುದು ತಂದೆಯ ಹಾಸಿಗೆಯ ಪಕ್ಕದಲ್ಲಿ ಕುಳಿತ ಆ ತಿಂಗಳುಗಳು. ಮನೆಯ ಜಡ್ಡು ಮುಗಿದ ಮೇಲೆ ಬಹಳ ಜನ ನಿಟ್ಟುಸಿರು ಬಿಟ್ಟು ಹಳೆಯ ಕೆಲಸಕ್ಕೆ ಹೋಗುತ್ತಾರೆ. ಯಾರೋ ಒಬ್ಬರಿಗೆ ಮಾತ್ರ ಆ ಜಡ್ಡಿನ ಕೋಣೆಯಿಂದ ಬೇರೊಂದು ಬಾಗಿಲು ತೆರೆಯುತ್ತದೆ.

ನಮ್ಮಲ್ಲಿ ಈ ಕೆಲಸಕ್ಕೆ ಹೆಸರುಗಳೇನೂ ಕಡಿಮೆ ಇಲ್ಲ. ಹಳಬರು ನರ್ಸಬಾಯಿ ಅನ್ನುತ್ತಾರೆ, ಹೊಸಬರು ಸಿಸ್ಟರ್. ಗಂಡಸಾದರೆ ಬ್ರದರ್. ಸರಕಾರದ ಕಾಗದದಲ್ಲಿ ಈಗ ಶುಶ್ರೂಷಾಧಿಕಾರಿ. ಪುಸ್ತಕದ ಕನ್ನಡದಲ್ಲಿ ದಾದಿ. ಅದು ಸಂಸ್ಕೃತದ ಧಾತ್ರಿಯಿಂದ ಬಂದದ್ದು, ಹಾಲು ಕುಡಿಸಿ ಬೆಳೆಸುವವಳು ಎಂದರ್ಥ. ಇಂಗ್ಲಿಷಿನ ನರ್ಸ್ ಕೂಡ ಲ್ಯಾಟಿನ್ನಿನ ಉಣಿಸು ಎಂಬ ಅರ್ಥದ ಮಾತಿನಿಂದಲೇ ಹುಟ್ಟಿದ್ದು. ದೂರದ ಎರಡು ನಾಡುಗಳು ಒಂದೇ ಎದೆಹಾಲಿನಿಂದ ಹೆಸರು ಪಡೆದಿವೆ.

ಆದರೆ ನನ್ನ ಮನಸ್ಸು ಹೋಗುವುದು ಶುಶ್ರೂಷೆ ಎಂಬ ಶಬ್ದಕ್ಕೆ. ಮೂವತ್ತು ವರ್ಷ ವ್ಯಾಕರಣ ಕಲಿಸಿದವನಿಗೆ ಇದನ್ನು ಹೇಳದೆ ಮುಂದೆ ಹೋಗಲು ಆಗದು. ಕುಡಿಯುವ ಇಚ್ಛೆ ಪಿಪಾಸೆ. ತಿಳಿಯುವ ಇಚ್ಛೆ ಜಿಜ್ಞಾಸೆ. ಹಾಗೆಯೇ ಕೇಳುವ ಇಚ್ಛೆ ಶುಶ್ರೂಷೆ. 'ಶ್ರು' ಎಂದರೆ ಕೇಳು. ಶ್ರವಣ, ಶ್ರುತಿ, ಶ್ರೋತೃ ಎಲ್ಲ ಅದರದೇ ಬಳಗ. ಗುರುವಿನ ಬಳಿ ಕುಳಿತು ಅವನ ಮಾತಿಗೆ ಕಿವಿ ಕೊಟ್ಟಿರುವುದು ಮೊದಲ ಅರ್ಥ. ಕಿವಿ ಕೊಟ್ಟವನು ಬೇಕಾದ್ದನ್ನು ಎದ್ದು ಮಾಡಿಕೊಡುತ್ತಾನಲ್ಲ, ಅದರಿಂದ ಸೇವೆ ಎಂಬ ಅರ್ಥ. ಆಮೇಲೆ ರೋಗಿಯ ಸೇವೆ. ಔಷಧ, ಸೂಜಿ, ಪಟ್ಟಿ ಎಲ್ಲ ಆ ಶಬ್ದದೊಳಗೆ ಆಮೇಲೆ ಬಂದವು. ಮೊದಲು ಇದ್ದದ್ದು ಕಿವಿ.

ಮಾತು ನಿಂತ ಅತ್ತೆಯನ್ನು ಈಕೆ ಹದಿನಾಲ್ಕು ತಿಂಗಳು ಕೇಳಿದ್ದಳು. ಎಡಗಣ್ಣು ಮುಚ್ಚಿದರೆ ನೀರು ಬೇಕು, ಹುಬ್ಬು ಗಂಟು ಮಾಡಿದರೆ ಮಗ್ಗಲು ನೋಯುತ್ತಿದೆ. ಆ ಭಾಷೆಯನ್ನು ಇಬ್ಬರೇ ಕಟ್ಟಿಕೊಂಡಿದ್ದರು. ನಾನು ಆ ಅರ್ಜಿಯನ್ನು ತುಂಬಿದ್ದು ಇದನ್ನು ಬಲ್ಲವನಾದ್ದರಿಂದ.

ಚರಕನಿಗೂ ಇದು ಗೊತ್ತಿತ್ತು. ಚಿಕಿತ್ಸೆಗೆ ನಾಲ್ಕು ಕಾಲು ಎನ್ನುತ್ತಾನೆ ಅವನು: ವೈದ್ಯ, ಔಷಧ, ಆರೈಕೆ ಮಾಡುವವನು, ರೋಗಿ. ಆರೈಕೆಯವನಿಗೆ ಉಪಚಾರದ ತಿಳಿವಳಿಕೆ, ಕೈಚಳಕ, ರೋಗಿಯ ಮೇಲೆ ಪ್ರೀತಿ, ಶುಚಿ ಈ ನಾಲ್ಕು ಗುಣ ಇರಬೇಕಂತೆ. ಪ್ರೀತಿಯನ್ನು ಅರ್ಹತೆಗಳ ಪಟ್ಟಿಯಲ್ಲಿ ಸೇರಿಸಿದನಲ್ಲ, ಅದಕ್ಕೆ ನಾನು ಆ ಪುರಾತನನಿಗೆ ಕೈ ಮುಗಿಯುತ್ತೇನೆ.

ಓಣಿಯಲ್ಲಿ ಸುದ್ದಿ ಹರಡಲು ತಡವಾಗಲಿಲ್ಲ. ಕಟ್ಟೆಗೆ ಬಂದವರು ಒಬ್ಬೊಬ್ಬರೂ ಒಂದೊಂದು ಮಾತು ಆಡಿದರು. ಈ ವಯಸ್ಸಿನಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ಹುಡುಗಿಯರ ಸಂಗಡ ಸಾಲಿಗೆ ಹೋಗುವುದೇ? ರಾತ್ರಿಪಾಳಿ ಬಂದರೆ ಮಕ್ಕಳಿಗೆ ರೊಟ್ಟಿ ಬಡಿಯುವವರು ಯಾರು? ಪರರ ಹೇಲು ಉಚ್ಚೆ ಬಳಿಯುವ ಕೆಲಸ ಯಾಕೆ ಬೇಕು, ಕೂತಲ್ಲಿ ಕೂತು ಹೊಲಿದರೆ ಸಾಲದೇ? ಕೊನೆಯ ಮಾತಿಗೆ ನನಗೆ ಸಿಟ್ಟು ಬಂತು. ಯಾಕೆಂದರೆ ಬಸವಣ್ಣ ಹುಟ್ಟಿದ ಬಾಗೇವಾಡಿ ನಮಗೆ ಕೂಗಳತೆ, ಅವನು ಐಕ್ಯನಾದ ಕೂಡಲಸಂಗಮ ಹೊಳೆಯ ಆಚೆಗಿದೆ. ಇವೆರಡರ ನಡುವೆ ಬದುಕುವವರು ಕೆಲಸದಲ್ಲಿ ಮೇಲು ಕೀಳು ಎಣಿಸಬಾರದು.

ಕೆಲಸ ಬದಲಿಸುವುದಕ್ಕೂ ಶರಣರ ನಾಡಿನಲ್ಲಿ ಹಳೆಯ ಮಾದರಿ ಇದೆ. ಮೋಳಿಗೆ ಮಾರಯ್ಯ ಕಾಶ್ಮೀರದ ಅರಸನಾಗಿದ್ದನೆಂದು ಪರಂಪರೆ ಹೇಳುತ್ತದೆ. ಸಿಂಹಾಸನ ಬಿಟ್ಟು ಹೆಂಡತಿಯೊಂದಿಗೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಕಟ್ಟಿಗೆಯ ಹೊರೆ ತಂದು ಮಾರಿ ಬದುಕಿದ. ಮೋಳಿಗೆ ಎಂದರೆ ಆ ಕಟ್ಟಿಗೆಯ ಹೊರೆಯೇ. ಅರಸನ ಹೆಸರು ಹೋಗಿ ಹೊರೆಯ ಹೆಸರು ಉಳಿಯಿತು. ಅದೇ ಕಾಲದಲ್ಲಿ ವೈದ್ಯ ಸಂಗಣ್ಣ ಎಂಬ ಶರಣನೂ ಇದ್ದ, ರೋಗ ನೋಡುವುದೇ ಅವನ ಕಾಯಕ.

ಇನ್ನು ನಮ್ಮ ಕಾಲದ ಮಾತು. ಈ ಭಾಗದಲ್ಲಿ ಕೆಲಸ ಬದಲಿಸದ ಮನೆತನ ಯಾವುದಿದೆ? ಪ್ರಧಾನಿಯಾಗುವುದಕ್ಕೆ ಕೆಲವೇ ದಿನ ಮೊದಲು, 1964ರ ಮೇ 22ರಂದು, ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಅಣೆಕಟ್ಟು ಪೂರ್ತಿಯಾಗಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಬಂದು ನಾಡಿಗೆ ಅರ್ಪಿಸುವಾಗ 2006 ಬಂದಿತ್ತು. ನಡುವಿನ ನಲವತ್ತೆರಡು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳು 'ಮುಳುಗಡೆ' ಎಂಬ ಒಂದು ಶಬ್ದದೊಳಗೆ ಹೋದವು. ಬಾಗಲಕೋಟೆಯ ಹಳೆಯ ಪೇಟೆಯೂ ಬಿಡಲಿಲ್ಲ. ಕರಿಯ ಎರೆಹೊಲದಲ್ಲಿ ಬಿಳಿಜೋಳ ಬೆಳೆಯುತ್ತಿದ್ದವರು ಪುನರ್ವಸತಿ ಕೇಂದ್ರದಲ್ಲಿ ಕಿರಾಣಿ ಅಂಗಡಿ ಇಟ್ಟರು, ಟಂಟಂ ಓಡಿಸಿದರು, ಗೋವೆಗೆ, ಪುಣೆಗೆ ದುಡಿಯಲು ಹೋದರು. ಈ ಹೆಣ್ಣುಮಗಳ ತವರಿನದೂ ಮುಳುಗಡೆಯ ಮನೆಯೇ. ಹೊಲ ಹೋದ ಮೇಲೆ ಅವಳ ತಂದೆ ಪರಿಹಾರದ ದುಡ್ಡಿನಲ್ಲಿ ಅವಳಿಗೊಂದು ಹೊಲಿಗೆ ಮಶೀನು ಕೊಡಿಸಿದ್ದ. ನೀರು ಬಂತೆಂದು, ಮಳೆ ಬರಲಿಲ್ಲವೆಂದು, ಸಾಲವಾಯಿತೆಂದು ನಮ್ಮವರು ಕೆಲಸ ಬದಲಿಸಿದ್ದಾರೆ. ಯಾರೂ ನೂಕದೆ, ಇದು ನನಗೆ ಬೇಕು ಎಂದು ಒಬ್ಬಳು ಎದ್ದು ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ಅದಕ್ಕೇ ಅವಳ ಮೇಲೆ ನನಗೆ ಅಷ್ಟು ಅಕ್ಕರೆ ಹುಟ್ಟಿತೋ ಏನೋ.

ಅರ್ಜಿ ತುಂಬುವಾಗ ವಯಸ್ಸಿನ ಕಾಲಂ ಬಂದಾಗ ಇಬ್ಬರಿಗೂ ಎದೆ ಡವಡವ ಅಂದಿತು. ಜನರಲ್ ನರ್ಸಿಂಗ್ ಮತ್ತು ಸೂಲಗಿತ್ತಿಯ ಕಲಿಕೆ ಸೇರಿದ ಜಿಎನ್‌ಎಂಗೆ ಹದಿನೇಳು ತುಂಬಿರಬೇಕು, ಮೂವತ್ತೈದು ದಾಟಿರಬಾರದು. ಸಹಾಯಕ ನರ್ಸಿನ ಕಲಿಕೆಯಾದ ಎಎನ್‌ಎಂ ಮೊದಲೇ ಮುಗಿಸಿದವರಿಗೆ ಮಾತ್ರ ಈ ಮೇಲಿನ ಮಿತಿ ಇಲ್ಲ. ಒಂದು ವರ್ಷ ತಡಮಾಡಿದ್ದರೆ ಬಾಗಿಲು ಮುಚ್ಚುತ್ತಿತ್ತು. ಪಿಯುಸಿ ಆಗಿರಬೇಕು, ನೂರಕ್ಕೆ ನಲವತ್ತು ಅಂಕ ಬೇಕು, ಇಂಗ್ಲಿಷು ಪಾಸಾಗಿರಬೇಕು. ವಿಜ್ಞಾನವಾದರೆ ಒಳ್ಳೆಯದು, ಬೇರೆ ವಿಷಯ ಓದಿದವರಿಗೂ ಅವಕಾಶವಿದೆ. ಬಿಎಸ್ಸಿ ನರ್ಸಿಂಗಿಗಾದರೆ ವಿಜ್ಞಾನವೇ ಬೇಕು, ನಾಲ್ಕು ವರ್ಷ. ಈಕೆ ಪಿಯುಸಿಯಲ್ಲಿ ಆರ್ಟ್ಸ್ ಓದಿ, ಮುಂದೆ ಲಗ್ನವಾಗಿ ಬಂದವಳು. ಹದಿನಾರು ವರ್ಷದ ಹಿಂದಿನ ಅಂಕಪಟ್ಟಿಯನ್ನು ಸೀರೆಯ ಮಡಿಕೆಯೊಳಗೆ ಜೋಪಾನ ಮಾಡಿ ಇಟ್ಟಿದ್ದಳು. ನನಗೆ ಅವಳ ಇಚ್ಛೆಯ ಆಳ ತಿಳಿದದ್ದು ಆ ಮಡಿಕೆ ಬಿಚ್ಚಿದಾಗ. ಗಂಡ ಎದುರಾಡಲಿಲ್ಲ. "ರೊಟ್ಟಿ ನಾ ಬಡಿತೀನಿ, ನೀ ಓದು" ಅಂದನಂತೆ. ಕಲಿತೂ ಬಿಟ್ಟ, ಈಗ ದುಂಡಗೆ ಬಡಿಯುತ್ತಾನೆ.

ಮೂವತ್ತನಾಲ್ಕಕ್ಕೆ ಕಲಿಯಲು ಸೇರಿದವರಿಗೆ ಕಷ್ಟ ಎಲ್ಲಿ ಬರುತ್ತದೆ ಎಂದು ಅವಳನ್ನೇ ಕೇಳಿದ್ದೇನೆ. ದೇಹದ ಭಾಗಗಳ ಇಂಗ್ಲಿಷ್ ಹೆಸರುಗಳು ಮೊದಲ ಆರು ತಿಂಗಳು ನಿದ್ದೆ ಕೆಡಿಸಿದವಂತೆ. ಲೆಕ್ಕ ಮಾತ್ರ ಸುಲಭವಾಯಿತು. ಅರ್ಧ ಲೀಟರ್ ಸಲೈನ್ ಎಂಟು ತಾಸಿನಲ್ಲಿ ಹೋಗಬೇಕು, ಒಂದು ಮಿಲಿಲೀಟರಿಗೆ ಇಪ್ಪತ್ತು ಹನಿ ಬೀಳುವ ನಳಿಕೆ ಇದೆ, ನಿಮಿಷಕ್ಕೆ ಎಷ್ಟು ಹನಿ? ಹತ್ತು ಸಾವಿರ ಹನಿಯನ್ನು ನಾನೂರ ಎಂಬತ್ತು ನಿಮಿಷಕ್ಕೆ ಹಂಚಿದರೆ ಇಪ್ಪತ್ತೊಂದು. ಹದಿನೆಂಟರ ಹುಡುಗಿಯರು ಮೊಬೈಲ್ ತೆಗೆಯುವಷ್ಟರಲ್ಲಿ ಈಕೆ ಬಾಯಿಲೆಕ್ಕದಲ್ಲೇ ಹೇಳಿದಳಂತೆ. ಒಂದು ಮೀಟರ್ ಅರಿವೆಯಲ್ಲಿ ಎರಡು ಜಂಪರು ಹೊಂದಿಸಿದವಳಿಗೆ ಇದು ಹೊಸದಲ್ಲ. ಗಾಯಕ್ಕೆ ಹೊಲಿಗೆ ಹಾಕುವುದನ್ನು ಮೊದಲ ಸಲ ಪಕ್ಕದಲ್ಲಿ ನಿಂತು ನೋಡಿದಾಗಲೂ ಅವಳ ಕಣ್ಣು ಹೋದದ್ದು ಟಾಕಿ ಟಾಕಿಯ ನಡುವಿನ ಅಂತರಕ್ಕೆ. ಹಳೆಯ ಕೆಲಸ ಬಿಟ್ಟು ಬಂದವರು ಕೈ ಬರಿದು ಮಾಡಿಕೊಂಡು ಬರುವುದಿಲ್ಲ. ಆ ಹೊಲಿಗೆಯ ಕೈ ಮೊದಲೇ ಒಮ್ಮೆ ಜಡ್ಡಿನ ಕಾಲಕ್ಕೆ ಒದಗಿತ್ತು. 2020ರಲ್ಲಿ ಕೊರೊನಾ ಬಂದಾಗ ಮಹಾರಾಷ್ಟ್ರದಿಂದ, ಗೋವೆಯಿಂದ ನಮ್ಮವರು ಗುಂಪುಗುಂಪಾಗಿ ಮರಳಿ ಬಂದರು. ಆಗ ಇವಳು ಹಗಲು ರಾತ್ರಿ ಮಾಸ್ಕ್ ಹೊಲಿದು ಹಂಚಿದ್ದಳು. ಆ ವರ್ಷವನ್ನು ನರ್ಸ್ ಮತ್ತು ಸೂಲಗಿತ್ತಿಯರ ವರ್ಷವೆಂದು ವಿಶ್ವ ಆರೋಗ್ಯ ಸಂಸ್ಥೆ ಮೊದಲೇ ಸಾರಿತ್ತು. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿ ಇನ್ನೂರು ವರ್ಷವಾದ ನೆನಪಿಗೆ ಇಟ್ಟ ಹೆಸರು, ಜಡ್ಡಿನ ನಡುವೆ ನಿಜವಾಯಿತು.

ಸೂಲಗಿತ್ತಿ ಎಂದಾಗ ಪಾವಗಡದ ಕಡೆಯ ನರಸಮ್ಮನವರನ್ನು ನೆನೆಯದೆ ಇರಲಾರೆ. ಶಾಲೆಯ ಮುಖ ಕಾಣದ ಕೂಲಿಯ ಹೆಣ್ಣುಮಗಳು. ಅಜ್ಜಿಯಿಂದ ಕಲಿತು ಎಪ್ಪತ್ತು ವರ್ಷದಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಯಾರಿಂದಲೂ ದುಡ್ಡು ತೆಗೆದುಕೊಳ್ಳಲಿಲ್ಲ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಮುಟ್ಟಿದರೆ ಹೊಟ್ಟೆಯೊಳಗಿನ ಕೂಸು ಹೇಗೆ ಮಲಗಿದೆ ಎಂದು ಹೇಳುತ್ತಿದ್ದ ಅವರ ಬೆರಳುಗಳು ಸಹ ಒಂದು ಬಗೆಯ ಕಿವಿಯೇ.

ನನ್ನ ಸ್ವಂತದ ಒಂದು ರಾತ್ರಿಯನ್ನೂ ಹೇಳಬೇಕು. ಕೆಲವು ವರ್ಷದ ಹಿಂದೆ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಪಟ್ಟಣದ ಒಂದು ಆಸ್ಪತ್ರೆಯಲ್ಲಿದ್ದೆ. ರಾತ್ರಿ ಎರಡಕ್ಕೆ ಮೂತ್ರ ಕಟ್ಟಿತು. ಕರೆಗಂಟೆ ಒತ್ತಿದೆ, ಯಾರೂ ಬರಲಿಲ್ಲ. ಮುಕ್ಕಾಲು ತಾಸು ಹಲ್ಲು ಕಚ್ಚಿ ಮಲಗಿದ್ದೆ. ಆಮೇಲೆ ಓಡುತ್ತ ಬಂದ ಬ್ರದರ್ ನಮ್ಮ ಕಡೆಯವನೇ, ಮುದ್ದೇಬಿಹಾಳದ ಸೀಮೆಯ ಮಾತು. ಮೂವತ್ತು ಹಾಸಿಗೆಗೆ ಆ ರಾತ್ರಿ ಅವನೊಬ್ಬನೇ. ಸಾಮಾನ್ಯ ಆಸ್ಪತ್ರೆಯಲ್ಲಿ ಐವರು ರೋಗಿಗಳಿಗೆ ಒಬ್ಬ ನರ್ಸ್, ವೈದ್ಯಕೀಯ ಕಲಿಸುವ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು ಇರಬೇಕೆಂದು ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ. ಕಾಗದದ ಐದಕ್ಕೂ ವಾರ್ಡಿನ ಮೂವತ್ತಕ್ಕೂ ನಡುವೆ ಆ ಹುಡುಗ ಓಡುತ್ತಿದ್ದ. ನಳಿಕೆ ಹಾಕಿ, ನೋವು ಇಳಿದ ಮೇಲೆ, "ಭಾಳ ಹೊತ್ತು ತಡಕೊಂಡ್ರಿ ಸರ, ತಪ್ಪಾತ್ರಿ" ಅಂದ. ತಪ್ಪು ಅವನದಾಗಿರಲಿಲ್ಲ. ಆದರೂ ಅವನೇ ಹೊತ್ತ.

ಇದನ್ನು ಹೇಳದೆ ಈ ಕೆಲಸವನ್ನು ಬರಿಯ ತ್ಯಾಗವೆಂದು ಹೊಗಳುವವರ ಜತೆ ನಾನು ಕೂಡಲಾರೆ. ತ್ಯಾಗ ಎಂಬ ಹೂಮಾಲೆ ಹಾಕಿ ಪಗಾರ ಕಡಿಮೆ ಕೊಡುವ ರೂಢಿ ಬಿದ್ದುಬಿಟ್ಟಿದೆ. ಸುಪ್ರೀಂ ಕೋರ್ಟಿನ ಆದೇಶದಂತೆ 2016ರಲ್ಲಿ ಕೇಂದ್ರ ಸರಕಾರ ನೇಮಿಸಿದ ಸಮಿತಿ ಸ್ಪಷ್ಟವಾಗಿ ಶಿಫಾರಸು ಮಾಡಿದೆ: ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಸಣ್ಣ ಖಾಸಗಿ ಆಸ್ಪತ್ರೆಯಾದರೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, ಇನ್ನೂರು ಹಾಸಿಗೆ ದಾಟಿದ ಆಸ್ಪತ್ರೆ ಸರಕಾರಿ ನರ್ಸಿನ ಸಮಕ್ಕೆ ಕೊಡಬೇಕು. ಅದು ಎಲ್ಲ ಕಡೆ ನಡೆಯುವ ತನಕ ನಾವು ನರ್ಸುಗಳ ದಿನವೆಂದು ಮೇ 12ರಂದು ಗುಲಾಬಿ ಹೂ ಕೊಟ್ಟು ಕೈ ತೊಳೆದುಕೊಳ್ಳಬಾರದು. ನಾನು ಇದನ್ನು ಅವಳಿಗೂ ಮುಚ್ಚಿಡಲಿಲ್ಲ. ಹೊಲಿಗೆಯಲ್ಲಿ ಸಿಗುತ್ತಿದ್ದುದಕ್ಕಿಂತ ಮೊದಲ ವರ್ಷಗಳಲ್ಲಿ ಹೆಚ್ಚೇನೂ ಸಿಗದಿರಬಹುದು ಎಂದೆ. "ಗೊತ್ತೈತ್ರಿ" ಅಂದಳು.

ಒಮ್ಮೆ ಅವಳು ರಜೆಗೆ ಬಂದಾಗ ಅರುಣಾ ಶಾನಭಾಗರ ಸಂಗತಿ ಬಂತು. ತರಗತಿಯಲ್ಲಿ ಯಾರೋ ಹೇಳಿದ್ದರಂತೆ. ಹೊನ್ನಾವರದ ಹತ್ತಿರದ ಹಳದೀಪುರದ ಹುಡುಗಿ, ನರ್ಸಾಗಿ ಮುಂಬಯಿಯ ಕೆಇಎಂ ಆಸ್ಪತ್ರೆ ಸೇರಿದವಳು. 1973ರ ನವೆಂಬರಿನಲ್ಲಿ ಅದೇ ಆಸ್ಪತ್ರೆಯೊಳಗೆ ಅವಳ ಮೇಲೆ ನಡೆದ ಕ್ರೌರ್ಯದಿಂದ ಮಿದುಳು ಜಖಂಗೊಂಡು ಹಾಸಿಗೆ ಹಿಡಿದಳು. 2015ರ ಮೇ 18ರಂದು ಕಣ್ಣು ಮುಚ್ಚುವ ತನಕ ಅಲ್ಲೇ ಇದ್ದಳು. ಆ ನಲವತ್ತೊಂದೂವರೆ ವರ್ಷದಲ್ಲಿ ಆಸ್ಪತ್ರೆಯ ನರ್ಸುಗಳು ತಲೆಮಾರು ತಲೆಮಾರಾಗಿ ಅವಳನ್ನು ನೋಡಿಕೊಂಡರು. ತಮ್ಮವಳು ಎಂದರು. ಊಟ ಮೆತ್ತಗೆ ಮಾಡಿ ಉಣಿಸಿದರು. ದಯಾಮರಣದ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ ಬೇಡವೆಂದು ನಿಂತವರು ಅವರೇ. 2011ರ ಮಾರ್ಚಿನಲ್ಲಿ ಕೋರ್ಟು ಅವರ ಮಾತಿಗೆ ಬೆಲೆ ಕೊಟ್ಟಿತು. ಅಷ್ಟು ವರ್ಷ ಮಲಗಿದ್ದವಳ ಮೈಮೇಲೆ ಒತ್ತುಹುಣ್ಣು ಇರಲಿಲ್ಲ.

ಇಷ್ಟು ಹೇಳಿ ಅವಳು ಸುಮ್ಮನಾದಳು. ಹದಿನಾಲ್ಕು ತಿಂಗಳು ಎರಡು ತಾಸಿಗೊಮ್ಮೆ ಎದ್ದವಳಿಗೆ ನಲವತ್ತೊಂದು ವರ್ಷದ ಲೆಕ್ಕ ಏನೆಂದು ಗೊತ್ತು. ಆ ಕೆಇಎಂ ನರ್ಸುಗಳಲ್ಲಿ ಒಬ್ಬರ ಹೆಸರೂ ನಮಗೆ ನೆನಪಿಲ್ಲ. ಅವಳಿಗೆ ಅದೇ ಹೆಚ್ಚು ಹಿಡಿಸಿತ್ತು. "ಎಷ್ಟು ಮಂದಿ ಕೈ ಹತ್ತಿರಬೇಕ್ರಿ ಸರ" ಅಂದಳು.

ಈಗ ಅವಳದು ಕೊನೆಯ ವರ್ಷ. ಮುಗಿದ ಮೇಲೆ ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿಯಾಗಬೇಕು, ಆಮೇಲೆ ಕೆಲಸ. ನಮ್ಮ ಅಜ್ಜಿಯ ಕಾಲದಲ್ಲಿ ಈ ಸೀಮೆಯಲ್ಲಿ ಜಡ್ಡು ಬಿಗಿಯಾಯಿತೆಂದರೆ "ಮಿರಜಿಗೆ ಒಯ್ಯಿರಿ" ಅನ್ನುತ್ತಿದ್ದರು. ವಾನ್ಲೆಸ್ ಎಂಬ ಮಿಷನರಿ ವೈದ್ಯ 1894ರಲ್ಲಿ ಅಲ್ಲಿ ಕಟ್ಟಿದ ಆಸ್ಪತ್ರೆಯೇ ದೊಡ್ಡ ಭರವಸೆ. ಈಗ ವಿಜಯಪುರದಲ್ಲಿ, ಬಾಗಲಕೋಟೆಯಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಅವಳಿಗೆ ಮಾತ್ರ ದೂರ ಹೋಗುವ ಮನಸ್ಸಿಲ್ಲ, ಇಲ್ಲೇ ಹೊಳೆಸಾಲಿನಲ್ಲಿ ಎಲ್ಲಿಯಾದರೂ ಸಿಕ್ಕರೆ ಸಾಕು ಅನ್ನುತ್ತಾಳೆ.

ಹೋದ ವಾರ ಯಲಗೂರದ ಹನುಮಪ್ಪನ ದರ್ಶನ ಮುಗಿಸಿ ಬಂದವಳು ನಮ್ಮ ಮನೆಗೂ ಬಂದಳು. ಚೀಲದಿಂದ ಬಿ.ಪಿ. ನೋಡುವ ಪಟ್ಟಿ ತೆಗೆದು ನನ್ನ ತೋಳಿಗೆ ಸುತ್ತಿದಳು. ನಾನು ಏನೋ ಹೇಳಲು ಹೋದೆ. "ತಡೀರಿ ಸರ, ಕೇಳಾಕತ್ತೀನಿ" ಅಂದಳು. ಗಾಳಿ ಸದ್ದಿಲ್ಲದೆ ಇಳಿಯಿತು. ಅವಳ ಕಣ್ಣು ಮುಳ್ಳಿನ ಮೇಲೆ, ಕಿವಿ ನನ್ನ ರಕ್ತದ ಸಪ್ಪಳದ ಮೇಲೆ.

ಪಟ್ಟಿ ಬಿಚ್ಚಿದ ಮೇಲೆ ಅಂಕಿ ಹೇಳಲಿಲ್ಲ. ಮೊದಲು ಕೇಳಿದಳು: "ಗುಳಿಗಿ ದಿನಾ ತೊಗೋತೀರೋ, ನೆಪ್ಪಾದಾಗ ಅಷ್ಟೋ?" ಡಾಕ್ಟರು ಕೇಳಿದಾಗಲೆಲ್ಲ ನಾನು ದಿನಾ ಎಂದೇ ಹೇಳಿದ್ದೆ. ಅವಳ ಮುಂದೆ ಹಾಗೆ ಹೇಳಲು ಆಗಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ನೆನಪು ಮಾಡುವವರು ಇಲ್ಲವೆಂದು ಹೇಳಿದೆ. ಅವಳು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಕುಳಿತಳು.